ಟ್ರಿಪ್ ಆಗೋದು ನಿಂತಿದೆ, ನನ್ನ ಭಯ ನಿಂತಿಲ್ಲ

ಪ್ರಶ್ನೆ: ನನಗೆ 54 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮಾವನವರು ಕಟ್ಟಿಸಿದ ಹಳೇ ಮನೆಯಲ್ಲಿದ್ದೇವೆ. ಮಗನ ಮದುವೆಗೆ ಮುಂಚೆ ಮೇಲೆ ಎರಡು ಕೋಣೆ, ಒಂದು ಬಚ್ಚಲುಮನೆ ಕಟ್ಟಿಸಿದೆವು. ವೈರಿಂಗ್ ಮಾಡಿದ್ದು ನನ್ನ ನಾದಿನಿಯ ಗಂಡ. ವರ್ಷಗಳಿಂದ ಅದೇ ಕೆಲಸ ಮಾಡಿಕೊಂಡು ಬಂದವರು. ಕಳೆದ ಮಳೆಗಾಲದಲ್ಲಿ ಹೊಸ ಬೋರ್ಡಿನಲ್ಲಿ ಪದೇ ಪದೇ ಟ್ರಿಪ್ ಆಗಿ ಇಡೀ ಮನೆ ಕತ್ತಲಾಗುತ್ತಿತ್ತು. ಅವರೇ ಬಂದು ಏನನ್ನೋ ತೆಗೆದು 'ಡೈರೆಕ್ಟ್ ಮಾಡಿದೀನಿ, ಇನ್ನು ತೊಂದರೆ ಇಲ್ಲ' ಎಂದರು. ನಿಜ, ಆಮೇಲೆ ಟ್ರಿಪ್ ಆಗಿಲ್ಲ. ಆದರೆ ಮೇಲಿನ ಬಚ್ಚಲಲ್ಲಿ ಗೀಸರ್ ಹಾಕಿ ನಲ್ಲಿ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ನನಗೆ ಎರಡು ಸಲ ಆಯಿತು, ಸೊಸೆಗೆ ಒಂದು ಸಲ. ಅವಳಿಗೆ ಈಗ ಐದು ತಿಂಗಳು. ಯಜಮಾನರು ಟೆಸ್ಟರ್ ಹಚ್ಚಿ ನೋಡಿ 'ಏನೂ ಇಲ್ಲ, ನಿನ್ನ ಭ್ರಮೆ' ಎಂದರು. 'ಮನೆ ಅಳಿಯನ ಕೆಲಸದಲ್ಲಿ ಹುಳುಕು ಹುಡುಕಬೇಡ' ಎಂದು ಅತ್ತೆ ಬೈದರು. ನಾನೀಗ ರಾತ್ರಿ ಎದ್ದು ಸ್ವಿಚ್ ಬೋರ್ಡುಗಳನ್ನು ಮೂಸಿ ನೋಡಿ ಬಂದು ಮಲಗುತ್ತೇನೆ. ನಿದ್ದೆಯಿಲ್ಲ. ನನಗೆ ಮಾನಸಿಕ ಕಾಯಿಲೆ ಶುರುವಾಗಿದೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪತ್ರದಲ್ಲಿ ಎಲ್ಲಕ್ಕಿಂತ ಅಳುಕುತ್ತ ಬರೆದ ಸಾಲು ಅದೇ. ಇದು ಭ್ರಮೆಯಲ್ಲ. ಜುಮ್ ಎಂದದ್ದು ನಿಮ್ಮ ಕೈ, ಮನಸ್ಸಲ್ಲ. ಅದೇ ನಲ್ಲಿಯಲ್ಲಿ ಸೊಸೆಗೂ ಹಾಗೇ ಆಗಿದೆ. ಹೊಟ್ಟೆಯಲ್ಲಿ ಮಗುವಿರುವ ಹುಡುಗಿ ದಿನಾ ಆ ಬಚ್ಚಲಿಗೆ ಹೋಗಿ ಬರುವುದನ್ನು ನೋಡುತ್ತ ನಿಮಗೆ ನಿದ್ದೆ ಹತ್ತದಿದ್ದರೆ ಅದರಲ್ಲಿ ಕಾಯಿಲೆ ಏನೂ ಇಲ್ಲ. ನಿದ್ದೆ ಬಂದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಉಳಿದ ಮಾತು ಆಮೇಲೆ. ಈಗ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಹೋಗಿ ಗೀಸರಿನ ಸ್ವಿಚ್ ಆಫ್ ಮಾಡಿ. ಬೋರ್ಡಿನಲ್ಲಿ ಅದರದೇ ಎಂಸಿಬಿ ಇದ್ದರೆ ಅದನ್ನೂ ಇಳಿಸಿ. ಸರಿಯಾದ ಪರೀಕ್ಷೆ ಆಗುವ ತನಕ ಮೇಲಿನ ಬಚ್ಚಲಿಗೆ ಬೀಗ. ಸ್ನಾನ ಕೆಳಗೇ ಆಗಲಿ. ನೀರು ಕಾಯಿಸಲು ಹಂಡೆ ಇದ್ದರೆ ಹಂಡೆ, ಇಲ್ಲದಿದ್ದರೆ ಗ್ಯಾಸ್ ಒಲೆ. ಗೀಸರ್ ಬೇಡವೆಂದು ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರ್ ಮಾತ್ರ ತೆಗೆಯಬೇಡಿ, ಈ ಸ್ಥಿತಿಯಲ್ಲಿರುವ ಮನೆಯಲ್ಲಿ ಅದು ಇನ್ನೂ ಕೆಟ್ಟದ್ದು. ಸೊಸೆಗೆ ಜುಮ್ ಎಂದ ವಿಷಯವನ್ನು ಅವಳನ್ನು ನೋಡುತ್ತಿರುವ ವೈದ್ಯರಿಗೆ ಇವತ್ತೇ ತಿಳಿಸಿ. ಗಾಬರಿ ಬೇಡ, ಆದರೆ ಗರ್ಭಿಣಿಗೆ ಶಾಕ್ ತಗುಲಿದ್ದು ಸಣ್ಣದಾದರೂ ವೈದ್ಯರಿಗೆ ಗೊತ್ತಿರಬೇಕು.

ನಾನು ಮನಸ್ಸಿನ ದುಗುಡ ಕೇಳಿಸಿಕೊಳ್ಳುವವಳು, ತಂತಿಯ ಕೆಲಸ ಬಲ್ಲವಳಲ್ಲ. ಹಾಗಾಗಿ ನಿಮ್ಮ ಪತ್ರವನ್ನು ಊರು ಹೆಸರು ಬಿಟ್ಟು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೊಬ್ಬರಿಗೆ ಓದಿ ಹೇಳಿದೆ. 'ಡೈರೆಕ್ಟ್' ಎಂಬ ಮಾತು ಬಂದ ಕೂಡಲೇ ಅವರು ನನ್ನನ್ನು ನಿಲ್ಲಿಸಿ ಆ ಸಾಲನ್ನು ಇನ್ನೊಮ್ಮೆ ಓದಿಸಿದರು. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನಿಮ್ಮ ವಿವರಣೆಯ ಪ್ರಕಾರ ತೆಗೆದದ್ದು ಆರ್‌ಸಿಸಿಬಿ ಇರಬೇಕು ಎಂದರು. ಅವರಿಂದ ನಾನು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಏನಾಗಿದೆ ಎಂದು ತಿಳಿದ ಮೇಲೆ ಭಯ ಹೋಗದಿದ್ದರೂ ಅದಕ್ಕೊಂದು ಆಕಾರ ಬರುತ್ತದೆ.

ಬೋರ್ಡಿನಲ್ಲಿ ಎರಡು ಬಗೆಯ ಕಾವಲಿರುತ್ತದೆ. ಎಂಸಿಬಿ ಕಾಯುವುದು ತಂತಿಯನ್ನು. ತಂತಿ ತಡೆಯಲಾರದಷ್ಟು ಕರೆಂಟ್ ಹರಿದರೆ, ಶಾರ್ಟ್ ಆದರೆ ಅದು ಬೀಳುತ್ತದೆ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟಿನಷ್ಟೇ ವಾಪಸು ಬರುತ್ತಿದೆಯೇ ಎಂದು ಅದು ಪ್ರತಿ ಕ್ಷಣ ತಾಳೆ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. ಹೆಚ್ಚುಕಡಿಮೆ ಅಷ್ಟು ಕರೆಂಟ್ ದಾರಿ ತಪ್ಪಿ ಗೋಡೆಗೋ ನೀರಿಗೋ ಯಾರದೋ ಮೈಗೋ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. 16 ಆಂಪಿಯರಿನ ಎಂಸಿಬಿ ಇದೆಯಲ್ಲ ಎಂದು ಸಮಾಧಾನ ಪಡುವಂತಿಲ್ಲ. ಒಬ್ಬ ಮನುಷ್ಯನ ಪ್ರಾಣ ತೆಗೆಯುವಷ್ಟು ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಹಳೇ ಮನೆಯ ಮೇಲೆ ಹೊಸ ಕೋಣೆ ಎದ್ದಾಗ ಈ ಆರ್‌ಸಿಸಿಬಿ ಪೆಟ್ಟಿಗೆ ರೇಗುವುದು ಎರಡು ಕಾರಣಕ್ಕಂತೆ. ಒಂದು, ಮೇಲಿನ ದೀಪಗಳ ನ್ಯೂಟ್ರಲ್ ತಂತಿಯನ್ನು ಹೊಸದಾಗಿ ಎಳೆಯದೆ ಹತ್ತಿರದಲ್ಲೇ ಸಿಕ್ಕ ಕೆಳಮನೆಯ ನ್ಯೂಟ್ರಲ್‌ಗೆ ಸೇರಿಸಿರುತ್ತಾರೆ. ಆಗ ಕರೆಂಟ್ ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಬರುತ್ತದೆ, ಸೋರಿಕೆ ಇಲ್ಲದಿದ್ದರೂ ಲೆಕ್ಕ ತಪ್ಪುತ್ತದೆ. ಇನ್ನೊಂದು, ನಿಜವಾದ ಸೋರಿಕೆ. ಸರಿಯಾಗಿ ಒಣಗದ ಗೋಡೆ, ಮಳೆಯಲ್ಲಿ ನೀರು ಇಳಿದ ಪೈಪು, ಬಿರುಕು ಬಿಟ್ಟ ಗೀಸರಿನ ಕಾಯಿಲ್. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ಟಪ್ ಎಂದಿತು, ಕತ್ತಲಾಯಿತು. ಯಾವುದೆಂದು ಹುಡುಕಲು ಒಂದೊಂದೇ ಲೈನ್ ಬಿಚ್ಚಿ ನೋಡಬೇಕು, ಅರ್ಧ ದಿನದ ಕೆಲಸ. ಪೆಟ್ಟಿಗೆಯನ್ನೇ ತೆಗೆದು ತಂತಿ ಜೋಡಿಸಲು ಹತ್ತು ನಿಮಿಷ ಸಾಕು.

ನಲ್ಲಿಯ ವಿಷಯಕ್ಕೆ ಬಂದರೆ, ಇಲ್ಲಿ ನಿಮ್ಮ ಮನೆಯಂಥ ಎಷ್ಟೋ ಮನೆಗಳ ಕಥೆ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಾವನವರ ಕಾಲದ ಮನೆಯಲ್ಲಿ ನೀರಿನ ಪೈಪು ಕಬ್ಬಿಣದ್ದು, ಜಿಐ. ಅದು ನೆಲದೊಳಗೆ ಹೂತಿರುತ್ತಿತ್ತು. ಹೀಟರಿನಿಂದ ಸ್ವಲ್ಪ ಕರೆಂಟ್ ಸೋರಿದರೂ ಆ ಪೈಪು ಹಿಡಿದು ಮಣ್ಣಿಗೆ ಇಳಿಯುತ್ತಿತ್ತು. ಅದನ್ನು ನಂಬಿಕೊಳ್ಳಬೇಕೆಂದಲ್ಲ, ಆದರೆ ಎಷ್ಟೋ ಮನೆಗಳು ಹಾಗೆ ಬಚಾವಾಗಿವೆ. ಈಗ ಮೇಲೆ ಹಾಕುವುದು ಪ್ಲಾಸ್ಟಿಕ್ ಪೈಪು. ಅದರಲ್ಲಿ ಕರೆಂಟ್ ಮಣ್ಣಿಗೆ ಇಳಿಯುವ ದಾರಿ ಇಲ್ಲ. ಗೀಸರಿಗೆ ಅರ್ತ್ ತಂತಿ ಸರಿಯಾಗಿ ಬಂದಿಲ್ಲದಿದ್ದರೆ ಸೋರಿದ ಕರೆಂಟ್ ಗೀಸರಿನ ಮೈಯಲ್ಲಿ, ಒಳಗಿನ ನೀರಿನಲ್ಲಿ, ಲೋಹದ ನಲ್ಲಿಯಲ್ಲಿ ಕಾದು ಕೂತಿರುತ್ತದೆ, ಒದ್ದೆ ಕೈಯ ಯಾರಾದರೂ ಬಂದು ಮುಟ್ಟುವ ತನಕ. ಇನ್ನು ಅರ್ತ್ ಗುಂಡಿ. ಮೇಲೆ ಮನೆ ಕಟ್ಟುವಾಗ ಅಂಗಳಕ್ಕೆ ಟೈಲ್ಸ್ ಹಾಕಿಸುವವರು ಇದ್ದಿಲು ಉಪ್ಪು ತುಂಬಿದ ಆ ಹಳೆಯ ಗುಂಡಿಯ ಮೇಲೂ ಕಾಂಕ್ರೀಟ್ ಸುರಿದು ಮುಚ್ಚಿಬಿಡುವುದುಂಟು. ನಿಮ್ಮ ಗುಂಡಿ ಎಲ್ಲಿದೆ ಎಂದು ಯಜಮಾನರನ್ನು ಕೇಳಿ ನೋಡಿ.

(ಅಂದಹಾಗೆ, ಅರ್ತ್ ಇಲ್ಲದ ಕಡೆ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ ನ್ಯೂಟ್ರಲ್ ತಂತಿಯನ್ನೇ ಸುತ್ತಿ ಕೊಡುವವರಿದ್ದಾರೆ. ಆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗೀಸರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗಿದೆ ಎನ್ನುತ್ತಿಲ್ಲ. ಆದರೆ ಈ ಸಾಲನ್ನು ಓದಿ ಯಾರಿಗಾದರೂ ಏನಾದರೂ ನೆನಪಾದರೆ ನಾಳೆಯೇ ಬಿಚ್ಚಿಸಿ.)

ಯಜಮಾನರ ಟೆಸ್ಟರ್ ಸುಳ್ಳು ಹೇಳಿತೇ ಎಂದು ನೀವು ಕೇಳಬಹುದು. ಆ ಪುಟ್ಟ ದೀಪ ಉರಿಯುವುದು ಹಿಡಿದವರ ಮೈ ಮೂಲಕ ಹಾಯುವ ಅತಿ ಸಣ್ಣ ಕರೆಂಟಿನಿಂದ. ರಬ್ಬರ್ ಚಪ್ಪಲಿ ಹಾಕಿ ಒಣ ನೆಲದಲ್ಲಿ ನಿಂತು ಹಗಲು ಬೆಳಕಿನಲ್ಲಿ ನೋಡಿದರೆ ಅದು ಮಿಣುಕಿದ್ದೂ ಕಾಣದೇ ಹೋಗಬಹುದು. ಆ ಹೊತ್ತಿಗೆ ಗೀಸರ್ ಆಫ್ ಇದ್ದಿರಲೂಬಹುದು. ಟೆಸ್ಟರ್ ಉರಿದರೆ ಎಚ್ಚರ ವಹಿಸಬೇಕು, ಉರಿಯದಿದ್ದರೆ ಕ್ಷೇಮ ಎಂದು ಅರ್ಥವಲ್ಲ. ಅವರು ನಿಮ್ಮ ಮಾತನ್ನು ತಳ್ಳಿಹಾಕಿದ್ದು ಸರಿಯಲ್ಲ. ಆದರೂ ಎದ್ದು ಹೋಗಿ ಟೆಸ್ಟರ್ ಹಚ್ಚಿ ನೋಡಿದರಲ್ಲ, ಅದನ್ನು ಮರೆಯಬೇಡಿ. ಪೂರ್ತಿ ನಂಬದವರು ಅಷ್ಟೂ ಮಾಡುವುದಿಲ್ಲ. ಅವರಿಗೂ ಒಳಗೊಳಗೆ ಅಳುಕಿದೆ, ಅದನ್ನು ಒಪ್ಪಿಕೊಂಡರೆ ತಂಗಿಯ ಗಂಡನ ಎದುರು ನಿಲ್ಲಬೇಕಾಗುತ್ತದೆ ಎಂಬುದು ಅವರ ಕಷ್ಟವಿರಬಹುದು.

ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಕಂಡದ್ದು ಬೇರೆ. ಆ ಪೆಟ್ಟಿಗೆಗೂ ನಿಮಗೂ ಆ ಮನೆಯಲ್ಲಿ ಆದದ್ದು ಒಂದೇ. ಅದು ಏನೋ ಸರಿಯಿಲ್ಲ ಎಂದು ಕೂಗಿತು, ಕೂಗಿನಿಂದ ಎಲ್ಲರಿಗೂ ತೊಂದರೆಯಾಯಿತು, ಸೋರಿಕೆ ಹುಡುಕುವ ಬದಲು ಅದನ್ನೇ ಕಿತ್ತರು. ಆಮೇಲೆ ನೀವು ಕೂಗಿದಿರಿ. ನಿಮಗೂ 'ಭ್ರಮೆ' ಎಂದು ಹೆಸರಿಟ್ಟು ಸುಮ್ಮನಾಗಿಸಿದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಮದುವೆ ಮುಗಿದು, ಸಾಲ ಉಳಿದು, ಎಲ್ಲರಿಗೂ ಸ್ವಲ್ಪ ನೆಮ್ಮದಿ ಬೇಕಿದ್ದ ಹೊತ್ತಿನಲ್ಲಿ ಕೂಗು ಯಾರಿಗೆ ಬೇಕು? ಆದರೆ ಕೇಳಿಸದ ಮಾತು ಒಳಗೇ ಉಳಿದರೆ ಹೀಗೆಯೇ ಆಗುತ್ತದೆ, ಹಗಲು ಹೇಳಲಾಗದ್ದನ್ನು ರಾತ್ರಿ ಎದ್ದು ಮೂಸಿ ನೋಡಬೇಕಾಗುತ್ತದೆ.

ಹಾಗೆ ನೋಡಿದರೆ ನಿಮ್ಮಲ್ಲಿರುವುದು ಎರಡು ಭಯ, ಒಂದಕ್ಕೊಂದು ಹೆಣೆದುಕೊಂಡಿವೆ. ಕರೆಂಟಿನ ಭಯ ಒಂದು. ಅಳಿಯನ ಮನಸ್ಸು ನೊಂದರೆ, ನಾದಿನಿ ತವರಿಗೆ ಬರುವುದು ಬಿಟ್ಟರೆ, ಅತ್ತೆಯ ಕಣ್ಣಿಗೆ ನಾನು ಮನೆ ಒಡೆದವಳಾದರೆ ಎಂಬ ಭಯ ಇನ್ನೊಂದು. ಮೊದಲನೆಯದು ಬಲ್ಲವರೊಬ್ಬರು ಉಪಕರಣ ತಂದು ಒಂದು ದಿನ ಕೂತರೆ ಬಹುಪಾಲು ಬಗೆಹರಿಯುತ್ತದೆ. ಎರಡನೆಯದು ಅಷ್ಟು ಬೇಗ ಹೋಗುವುದಿಲ್ಲ. ಆದರೆ ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಮುಂದೂಡುವಂತಿಲ್ಲ. ಈ ಒಂದು ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ.

ಅಳಿಯನವರ ಬಗ್ಗೆಯೂ ಒಂದು ಮಾತು. ಅವರನ್ನು ಅಪರಾಧಿ ಮಾಡಬೇಡಿ. ಮಳೆಯಲ್ಲಿ ನೆಂದು ಬಂದ ಮನುಷ್ಯನ ಸುತ್ತ ನಿಂತು 'ಮೊದಲು ಕರೆಂಟ್ ಬರಲಿ' ಎಂದವರು ಮನೆಯವರೆಲ್ಲ. ನಮ್ಮಲ್ಲಿ ಮನೆ ಕಟ್ಟಿಸುವವರ ರೀತಿಯೂ ಹಾಗೇ ಇದೆ. ಟೈಲ್ಸ್ ಆರಿಸಲು ಮೂರು ಅಂಗಡಿ ಸುತ್ತುತ್ತೇವೆ, ಗೋಡೆಯೊಳಗೆ ಹೋಗುವ ತಂತಿಗೆ ಮಾತ್ರ 'ಸ್ವಲ್ಪ ಕಡಿಮೆದು ನೋಡಿ' ಎನ್ನುತ್ತೇವೆ. ಸಂಬಂಧಿಕನೇ ಕೆಲಸ ಮಾಡಿದರಂತೂ ಕೂಲಿಯಲ್ಲಿ ಚೌಕಾಸಿ, ಹೊತ್ತಲ್ಲದ ಹೊತ್ತಿನಲ್ಲಿ ಫೋನು. ಅವರು ಸುಲಭದ ದಾರಿ ಹಿಡಿದರು. ಅದು ತಪ್ಪೇ. ಆದರೆ ಆ ದಾರಿ ತೋರಿಸಿದ್ದರಲ್ಲಿ ಎಲ್ಲರ ಕೈಯೂ ಇದೆ.

ಈಗ ಏನು ಮಾಡಬೇಕು. ಮೊದಲು ಯಜಮಾನರ ಜೊತೆ ಮಾತು, ಅದು ರಾತ್ರಿ ಬೇಡ. ರಾತ್ರಿ ನೀವು ಹೆದರಿರುತ್ತೀರಿ, ಅವರು ದಣಿದಿರುತ್ತಾರೆ. ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ, ಅತ್ತೆ ಹತ್ತಿರವಿಲ್ಲದಾಗ ಹೇಳಿ: 'ನನ್ನದು ಭ್ರಮೆ ಅಂತಲೇ ಇಟ್ಟುಕೊಳ್ಳಿ. ಆದರೆ ಬಸುರಿ ಹುಡುಗಿಗೂ ಜುಮ್ ಅಂದಿದೆ. ಟ್ರಿಪ್ ಆಗೋ ಪೆಟ್ಟಿಗೆ ತೆಗೆದಿರೋದು ನಿಮಗೂ ಗೊತ್ತು. ಒಂದು ಸಲ ಟೆಸ್ಟ್ ಮಾಡಿಸೋಣ. ಏನೂ ಇಲ್ಲ ಅಂತ ಬಂದರೆ ನಾನು ಮತ್ತೆ ಈ ಮಾತು ಎತ್ತಲ್ಲ.' ಮಗನನ್ನೂ ಜೊತೆಗೆ ಕೂರಿಸಿಕೊಳ್ಳಿ. ಮೇಲೆ ಸಂಸಾರ ಮಾಡುತ್ತಿರುವವನು ಅವನು, ನಿಮ್ಮ ಪತ್ರದಲ್ಲಿ ಅವನು ಒಂದು ಮಾತೂ ಆಡಿಲ್ಲ ಎಂಬುದು ನನಗೆ ವಿಚಿತ್ರವೆನಿಸಿತು.

ಅಳಿಯನವರಿಗೆ ಹೇಳುವುದು ಯಜಮಾನರ ಬಾಯಿಂದ ಆಗಲಿ, ಹಬ್ಬದ ಊಟಕ್ಕೆ ಹತ್ತು ಜನ ಸೇರಿದಾಗ ಅಲ್ಲ, ಒಬ್ಬರೇ ಇದ್ದಾಗ. ಹೇಳಲು ಒಂದು ನಿಜವಾದ ಕಾರಣವೂ ನಿಮಗಿದೆ. ಹಳೇ ಮನೆಯ ಮೀಟರಿಗೆ ಮಂಜೂರಾದ ಲೋಡು ಆ ಕಾಲದ ನಾಲ್ಕು ಬಲ್ಬು, ಎರಡು ಫ್ಯಾನಿನ ಲೆಕ್ಕದ್ದಿರುತ್ತದೆ. ಈಗ 2 ಕಿಲೋವ್ಯಾಟಿನ ಗೀಸರ್ ಒಂದೇ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಅದರ ಜೊತೆ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ನೀರಿನ ಮೋಟರು. ಲೋಡು ಹೆಚ್ಚಿಸಿಕೊಳ್ಳಲು ನಿಮ್ಮ ಭಾಗದ ಸೆಸ್ಕ್ ಕಚೇರಿಗೆ, ಅಂದರೆ ಜನ ಈಗಲೂ ಕೆಇಬಿ ಎನ್ನುವ ಆಫೀಸಿಗೆ, ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ಅರ್ಜಿ ಹಾಕಿಸಿ. ಅವರು ಹೇಗಿದ್ದರೂ ವೈರಿಂಗ್ ನೋಡಬೇಕಾಗುತ್ತದೆ. 'ಲೋಡ್ ಏರಿಸಬೇಕು, ಅದಕ್ಕೆ ಲೈಸೆನ್ಸ್ ಇರೋರು ಬರ್ತಿದಾರೆ. ಯಾವ ಲೈನ್ ಎಲ್ಲಿ ಹೋಗಿದೆ ಅಂತ ನಿಮಗೇ ಗೊತ್ತಿರೋದು, ಜೊತೆಗಿದ್ದು ತೋರಿಸಿಕೊಡಿ' ಎಂದರೆ ಅದರಲ್ಲಿ ಅವಮಾನವಿಲ್ಲ, ಸುಳ್ಳೂ ಇಲ್ಲ. ಎಷ್ಟೋ ಜನ ಇಂಥ ಮಾತಿಗೆ ತಾವೇ ಹಗುರಾಗುತ್ತಾರೆ. ಡೈರೆಕ್ಟ್ ಮಾಡಿ ಹೋದ ಮೇಲೆ ಅವರಿಗೂ ನಿದ್ದೆ ಬಂದಿದೆಯೋ ಇಲ್ಲವೋ.

ಬಂದವರಿಂದ ಮಾಡಿಸಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆ ದಿನ ನೆನಪಾಗದು, ನೆನಪಾದರೂ ಕೇಳಲು ಸಂಕೋಚ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ವಾಪಸು ಬರಬೇಕು. ಮೇಲಿನ ಭಾಗಕ್ಕೆ ಪ್ರತ್ಯೇಕ ನ್ಯೂಟ್ರಲ್ ಇರಬೇಕು. ಗೀಸರಿನ ಸಾಕೆಟ್ಟಿನಿಂದ ಗುಂಡಿಯ ತನಕ ಹಸಿರು ಅರ್ತ್ ತಂತಿ ಎಲ್ಲೂ ಕಡಿಯದೆ ಹೋಗಿರಬೇಕು, ಗುಂಡಿ ಕೆಟ್ಟಿದ್ದರೆ ಹೊಸದು ತೋಡಿಸಿ. ಮೆಗ್ಗರ್ ಎಂಬ ಉಪಕರಣ ಹಚ್ಚಿ ಪ್ರತಿ ಲೈನಿನ ಇನ್ಸುಲೇಷನ್ ನೋಡಬೇಕು, ಗೋಡೆಯೊಳಗೆ ತೇವ ಹೊಕ್ಕಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಕೆಳಗಿನ ಮೀಟರ್ ಬೋರ್ಡಿನಿಂದ ಮೇಲೆ ಹೋದ ತಂತಿಯ ದಪ್ಪವನ್ನೂ ಕೇಳಿ. ದೀಪ ಫ್ಯಾನಿಗೆ 1.5 ಚದರ ಮಿಲಿಮೀಟರ್ ಸಾಕು, ಗೀಸರಿಗೆ 2.5ಕ್ಕಿಂತ ಕಡಿಮೆ ಬೇಡ, ಗೀಸರ್ ದೊಡ್ಡದಾದರೆ 4. ಮುಖ್ಯ ಬೋರ್ಡಿನಲ್ಲಿ ಇನ್ನೂ ಪಿಂಗಾಣಿ ಫ್ಯೂಸು, ಅಲ್ಯೂಮಿನಿಯಂ ತಂತಿ ಇದ್ದರೆ ಅದನ್ನು ಬದಲಿಸುವ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಮನೆಯಲ್ಲಿ ಯುಪಿಎಸ್ ಇದ್ದರೆ ಮೊದಲೇ ಹೇಳಿ. ಮೇನ್ ಆಫ್ ಮಾಡಿದರೂ ಆ ಲೈನಿನಲ್ಲಿ ಕರೆಂಟ್ ಇರುತ್ತದೆ, ಬೇರೆಯವರ ಮನೆಯ ಬೋರ್ಡಿಗೆ ಕೈಹಾಕುವವರಿಗೆ ಅದು ಗೊತ್ತಿರಬೇಕು.

1912ಕ್ಕೆ ಕರೆ ಮಾಡಿದರೆ ವಿದ್ಯುತ್ ಕಂಪನಿಯವರು ಸಿಗುತ್ತಾರೆ, ಆದರೆ ಮೀಟರಿನಿಂದ ಒಳಗಿನದು ಮನೆಯವರದೇ ಹೊಣೆ. ಕಂಬದ ಲೈನ್, ಸರ್ವಿಸ್ ವೈರಿನ ತೊಂದರೆಗೆ ಅವರನ್ನು ಕರೆಯಿರಿ. ಮಹಡಿ ಏರಿಸಿದ ಮೇಲೆ ರಸ್ತೆಯ ತಂತಿ ಕೈಗೆಟುಕುವಂತಾಗಿದ್ದರೂ ಅವರಿಗೇ ಹೇಳಬೇಕು. 11 ಸಾವಿರ ವೋಲ್ಟಿನ ಲೈನ್ ಗೋಡೆಯಿಂದ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮನೆಯ ಮೇಲೆ ಹಾದುಹೋಗುತ್ತಿದ್ದರೆ 3.7 ಮೀಟರ್ ದೂರವಿರಬೇಕೆಂದು ನಿಯಮವಿದೆ. ಟೆರೇಸಿನಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದರೆ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ.

ಇದನ್ನು ಓದುತ್ತಿರುವ ಬಾಡಿಗೆದಾರರಿಗೆ: ಮೇಲೆ ಹೊಸದಾಗಿ ಎಬ್ಬಿಸಿದ ಕೋಣೆಗಳಲ್ಲಿ ಇರುವವರು ಹೆಚ್ಚಾಗಿ ನೀವೇ. ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ, ಒತ್ತಿದರೆ ತಕ್ಷಣ ಬೀಳಬೇಕು. ಬೀಳದಿದ್ದರೆ, ಅಥವಾ ಆ ಪೆಟ್ಟಿಗೆಯೇ ಇಲ್ಲದಿದ್ದರೆ, ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ವಾಟ್ಸಾಪ್ ಸಂದೇಶವಾದರೂ ಸಾಕು. ಇನ್ನೂ ಕಟ್ಟಿಸುತ್ತಿರುವವರು ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಗೋಡೆಯ ಪೈಪಿನ ಫೋಟೊ ತೆಗೆದಿಟ್ಟುಕೊಳ್ಳಿ.

ನಿಮ್ಮ ರಾತ್ರಿಗಳ ವಿಷಯ ಉಳಿಯಿತು. ದುರಸ್ತಿಯಾದ ಮೇಲೂ ಕೆಲವು ದಿನ ಎಚ್ಚರವಾಗಬಹುದು, ಎದ್ದು ಹೋಗಿ ಬೋರ್ಡ್ ನೋಡಬೇಕೆನಿಸಬಹುದು. ಅದು ಸಹಜ, ಮೈ ಕಲಿತದ್ದನ್ನು ಮರೆಯಲು ಸಮಯ ತೆಗೆದುಕೊಳ್ಳುತ್ತದೆ. ಆ ದಿನಗಳಲ್ಲಿ ಒಂದು ಕ್ರಮ ಮಾಡಿಕೊಳ್ಳಿ: ಮಲಗುವ ಮುಂಚೆ ಒಂದೇ ಸಲ ನೋಡಿ ಬನ್ನಿ, ನಡುರಾತ್ರಿ ಎಚ್ಚರವಾದರೆ 'ನೋಡಿಯಾಗಿದೆ' ಎಂದು ನಿಮಗೆ ನೀವೇ ಹೇಳಿಕೊಂಡು ಹಾಸಿಗೆಯಲ್ಲೇ ಉಳಿಯಿರಿ. ಎಲ್ಲ ಸರಿಯಾಗಿದೆ ಎಂದು ಗೊತ್ತಿದ್ದೂ ವಾರಗಟ್ಟಲೆ ಏಳುವುದು ನಿಲ್ಲದಿದ್ದರೆ, ಗ್ಯಾಸ್, ಬಾಗಿಲು, ನಲ್ಲಿ ಎಂದು ನೋಡಿಬರುವ ಪಟ್ಟಿ ಬೆಳೆಯುತ್ತ ಹೋದರೆ, ಆಗ ಒಬ್ಬರ ನೆರವು ಬೇಕು. 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ, 2022ರಿಂದ ಇದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದೆ ಇದೆ. ಹುಚ್ಚು ಹಿಡಿದವರಿಗೆ ಮಾತ್ರ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಿದ್ದೆ ಬರದವರೂ ಅಲ್ಲಿಗೆ ಫೋನ್ ಮಾಡುತ್ತಾರೆ.

ಇನ್ನೊಂದು ವಿಷಯ ಮನೆಯ ಪ್ರತಿಯೊಬ್ಬರಿಗೂ, ಅತ್ತೆಗೂ, ಗೊತ್ತಿರಲಿ. ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಓಡಿ ಹೋಗಿ ಮುಟ್ಟಬಾರದು. ಮೊದಲು ಮೇನ್ ಸ್ವಿಚ್. ಅದು ದೂರವಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಬೇಕು, ಆಮೇಲೆ 108. ಹೊಸ ಆರ್‌ಸಿಸಿಬಿ ಬಂದ ಮೇಲೆ ತಿಂಗಳಿಗೊಮ್ಮೆ 'ಟಿ' ಗುಂಡಿ ಒತ್ತಿ ನೋಡುವ ಕೆಲಸವನ್ನು ಮಗನಿಗೆ ವಹಿಸಿ. ಎಲ್ಲ ಪಹರೆಯೂ ನಿಮ್ಮೊಬ್ಬರ ತಲೆಯ ಮೇಲೆ ಬೇಡ.

ಅಳಿಯನವರು ಮುನಿಸಿಕೊಂಡರೆ? ಮುನಿಸಿಕೊಳ್ಳಲಿ, ಒಂದು ಹಬ್ಬಕ್ಕೆ ಬಾರದೇ ಇರಲಿ. ನೀವಾಗಿ ವಿವರಣೆ ಕೊಡಲು, ಕ್ಷಮೆ ಕೇಳಲು ಹೋಗಬೇಡಿ. ನಾದಿನಿಗೆ ಒಂದು ಫೋನ್ ಮಾಡಿ, ಸೊಸೆಯ ಆರೋಗ್ಯದ ಮಾತಾಡಿ, ಈ ವಿಷಯ ಅವರೇ ಎತ್ತಿದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮತ್ತೆ, ಮೇಲಿನ ಕೆಲಸದ ಕೂಲಿ ಅವರಿಗೆ ಪೂರ್ತಿ ಸಂದಿದೆಯೇ ಎಂದು ಯಜಮಾನರನ್ನು ಕೇಳಿ. ಬಾಕಿ ಇದ್ದರೆ ಗುತ್ತಿಗೆದಾರರು ಬರುವ ದಿನಕ್ಕಿಂತ ಮುಂಚೆಯೇ ಕೊಟ್ಟುಬಿಡಿ.